ದಿನನಿತ್ಯದ ಬದುಕಿನಲ್ಲಿ ದೇವರ ಕರೆಗೆ ಓಗೊಡುವುದು ಹೇಗೆ? ಶಿಷ್ಯತ್ವಕ್ಕೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕೂಟದಲ್ಲಿ ಮನಸ್ಸು ಕರಗುತ್ತದೆ, ಕಣ್ಣೀರಿನೊಂದಿಗೆ ತೀರ್ಮಾನವಾಗುತ್ತದೆ, ‘ಇನ್ನು ಮೇಲೆ ಕರ್ತನ ಹಿಂದೆಯೇ’ ಎಂದುಕೊಂಡು ಮನೆಗೆ ಬರುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಬೈಬಲ್ ಮತ್ತೆ ಕಪಾಟು ಸೇರಿರುತ್ತದೆ. ‘ನನಗೆ ಕರೆಯೇ ಇಲ್ಲವೇನೋ’ ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುವುದು ಈ ಹೊತ್ತಿನಲ್ಲೇ.

ಇವರ ಭಕ್ತಿಯಲ್ಲಿ ಕೊರತೆ ಇರುವುದಿಲ್ಲ. ಎಡವಟ್ಟಾಗುವುದು ಕ್ರಮದಲ್ಲಿ. ಕೊನೆಗೆ ಮಾಡಬೇಕಾದ್ದನ್ನು ಮೊದಲೇ ಮಾಡಿರುತ್ತಾರೆ, ಮೊದಲು ಮಾಡಬೇಕಾದ್ದಕ್ಕೆ ಕೈಯೇ ಹಾಕಿರುವುದಿಲ್ಲ. ದೇವರು ಮುಂದೇನು ಹೇಳುತ್ತಾರೋ ಎಂದು ಕಿವಿ ನಿಮಿರಿಸಿ ಕೂತಿರುತ್ತಾರೆ. ಆಗಲೇ ಹೇಳಿಯಾದ ಮಾತು ಪಾಲಿಸದೆ ಹಾಗೇ ಬಿದ್ದಿರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಬಿಟ್ಟು ಮುಂದಕ್ಕೆ ಹಾರಿದರೆ, ಬಿಟ್ಟ ಹಂತವೇ ಮುಂದೆ ಕಾಲಿಗೆ ತೊಡರುತ್ತದೆ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ನೀವು ಯಾವ ಭಾಷೆಯಲ್ಲಿ ಯೋಚಿಸುತ್ತೀರೋ ಆ ಭಾಷೆಯ ಒಂದು ಬೈಬಲ್. ಅಚ್ಚಿನ ಪುಸ್ತಕವೇ ಇರಲಿ. ಮೊಬೈಲಿನಲ್ಲಿ ಓದಲು ಕೂತರೆ ಮೂರನೆಯ ವಚನಕ್ಕೆ ಮೆಸೇಜು ಬಂದಿರುತ್ತದೆ. ಇದಕ್ಕೆಂದೇ ಮೀಸಲಾದ ಒಂದು ನೋಟ್‌ಬುಕ್. ದಿನದಲ್ಲಿ 20 ನಿಮಿಷ, ಆದಷ್ಟೂ ಒಂದೇ ಹೊತ್ತಿನಲ್ಲಿ. ನಿಮ್ಮ ಜೊತೆ ನಿಜ ಮಾತಾಡಬಲ್ಲ ಒಬ್ಬ ವಿಶ್ವಾಸಿ.

ಇಷ್ಟೇ ಸಾಕು. ತರಬೇತಿ, ಪದವಿ, ಸಭೆಯಲ್ಲಿ ಸ್ಥಾನ, ಮೈ ಜುಮ್ಮೆನ್ನುವ ಅನುಭವ, ಇವು ಯಾವುವೂ ಬೇಕಿಲ್ಲ. ಅನುಭವ ಬರುವವರೆಗೆ ಕಾಯುತ್ತೇನೆ ಎನ್ನುವವರು ಕಾಯುತ್ತಲೇ ಉಳಿಯುತ್ತಾರೆ.

## ಹಂತ 1: ಎಲ್ಲರಿಗೂ ಬಂದ ಕರೆ, ನಿಮಗೆ ಮಾತ್ರ ಬರುವ ಕರೆ: ಎರಡನ್ನೂ ಬೇರೆ ಮಾಡಿ

ಗೊಂದಲದ ಬೇರು ಇಲ್ಲಿದೆ. ‘ನನ್ನನ್ನು ಹಿಂಬಾಲಿಸು’ ಎಂಬುದು ಪ್ರತಿಯೊಬ್ಬ ವಿಶ್ವಾಸಿಗೂ ಬಂದ ಕರೆ. ಯಾವ ಕೆಲಸ, ಯಾವ ಸೇವೆ, ಮದುವೆಯೋ ಒಂಟಿ ಬದುಕೋ ಎಂಬುದು ಎರಡನೆಯ ಕರೆ. ಮೊದಲನೆಯದಕ್ಕೆ ವಿಶೇಷ ಗುರುತು ಬೇಡ, ಅದು ಬಂದಾಗಿದೆ. ಎರಡನೆಯದು ಸಾಮಾನ್ಯವಾಗಿ ಮೊದಲನೆಯದರಲ್ಲಿ ನಡೆಯುತ್ತಿರುವಾಗ ತಿಳಿಯುತ್ತಾ ಹೋಗುತ್ತದೆ.

ಸುವಾರ್ತೆಯಲ್ಲಿ ಕರೆ ಎಲ್ಲಿ ಬಂತು ನೋಡಿ. ಸೀಮೋನ (ಮುಂದೆ ಪೇತ್ರ ಎನಿಸಿಕೊಂಡವನು), ಅಂದ್ರೆಯ ಗಲಿಲಾಯದ ಸಮುದ್ರದಲ್ಲಿ ಬಲೆ ಬೀಸುತ್ತಿದ್ದರು. ಯಾಕೋಬ, ಯೋಹಾನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು (ಮಾರ್ಕ 1:16–20). ಲೇವಿ ಸುಂಕದ ಕಟ್ಟೆಯಲ್ಲಿದ್ದ (ಮಾರ್ಕ 2:14). ಯಾರೂ ದೇವಾಲಯದಲ್ಲಿ ಇರಲಿಲ್ಲ, ಎಲ್ಲರೂ ಕೆಲಸದಲ್ಲಿದ್ದರು.

ಇವರಂತೆ ಎಲ್ಲ ಬಿಟ್ಟು ಹೋಗುವುದೊಂದೇ ಉತ್ತರವೂ ಅಲ್ಲ. ದೆವ್ವಗಳ ಹಿಡಿತದಿಂದ ಬಿಡುಗಡೆಯಾದ ಗೆರಸೇನರ ಸೀಮೆಯ ಮನುಷ್ಯ ‘ನಾನೂ ನಿಮ್ಮ ಜೊತೆ ಬರುತ್ತೇನೆ’ ಎಂದು ಬೇಡಿಕೊಂಡ. ಯೇಸು ಒಪ್ಪಲಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು, ಕರ್ತನು ನಿನಗೆ ಮಾಡಿದ್ದನ್ನು ಹೇಳು ಎಂದು ಕಳಿಸಿದರು (ಮಾರ್ಕ 5:18–20). ಬಲೆ ಬಿಟ್ಟವರೂ ಶಿಷ್ಯರೇ, ಮನೆಗೆ ಮರಳಿದವನು ಮಾಡಿದ್ದೂ ವಿಧೇಯತೆಯೇ.

ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ನನಗೆ ಗೊತ್ತಿರುವುದು’ ಎಂದು ಬರೆದು, ದೇವರು ನಿಮ್ಮಿಂದ ಬಯಸುತ್ತಾರೆ ಎಂಬುದರಲ್ಲಿ ಅನುಮಾನವೇ ಇಲ್ಲದ ವಿಷಯಗಳನ್ನು ಪಟ್ಟಿ ಮಾಡಿ. ಎರಡನೆಯ ಪುಟದಲ್ಲಿ ‘ನನಗೆ ಗೊತ್ತಿಲ್ಲದ್ದು’ ಎಂದು ಬರೆದು, ಕೆಲಸ ಬಿಡಬೇಕೇ, ಯಾವ ಸೇವೆಗೆ ಸೇರಬೇಕು ಎಂಬಂಥವನ್ನು ಹಾಕಿ. ಎರಡನೆಯ ಪುಟವನ್ನು ಹಂತ 7ರವರೆಗೆ ತೆರೆಯಬೇಡಿ.

ಸಾಮಾನ್ಯ ತಪ್ಪು: ಮೊದಲ ಪುಟದ ವಿಷಯಕ್ಕೂ ಗುರುತು ಕೇಳುತ್ತಾ ಪ್ರಾರ್ಥಿಸುವುದು. ಕೆಲಸದವರಿಗೆ ಕೊಡಬೇಕಾದ ಸಂಬಳ ಬಾಕಿಯಿದ್ದರೆ ‘ಕರ್ತನೇ, ನಿನ್ನ ಚಿತ್ತವೇನು’ ಎಂದು ಕೇಳಬೇಕಾಗಿಲ್ಲ. ಕೊಟ್ಟುಬಿಡಿ.

## ಹಂತ 2: ಕೂತು ಲೆಕ್ಕ ಹಾಕಿ

ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ, 20,000 ಸೈನಿಕರೊಂದಿಗೆ ಬರುವವನನ್ನು 10,000 ಮಂದಿಯಿಂದ ಎದುರಿಸಬಹುದೇ ಎಂದು ರಾಜ ಯೋಚಿಸುವುದಿಲ್ಲವೇ ಎಂದು ಯೇಸು ಕೇಳಿದ್ದು ತಮ್ಮ ಹಿಂದೆ ಬರುತ್ತಿದ್ದ ದೊಡ್ಡ ಗುಂಪಿಗೆ (ಲೂಕ 14:25–33). ಗುಂಪು ಹೆಚ್ಚಿದಾಗ ಅವರು ಷರತ್ತನ್ನು ಸಡಿಲ ಮಾಡಲಿಲ್ಲ, ಇನ್ನಷ್ಟು ಬಿಡಿಸಿ ಹೇಳಿದರು.

ಮುಂದಿನ ಒಂದು ತಿಂಗಳಲ್ಲಿ ಈ ದಾರಿ ನಿಮ್ಮಿಂದ ಏನು ಕೇಳಬಹುದು ಎಂದು ಬರೆಯಿರಿ. ‘ಎಲ್ಲವನ್ನೂ ಅರ್ಪಿಸುತ್ತೇನೆ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಯಾವ ಅರ್ಧ ಗಂಟೆಯ ನಿದ್ದೆ? ಯಾವ ಹಣ? ಯಾರ ಎದುರಿಗೆ ಮುಖಭಂಗ? ಸುಳ್ಳು ಬಿಲ್ಲಿಗೆ ಸಹಿ ಹಾಕುವುದಿಲ್ಲ ಎಂದರೆ ಯಾರು ಮುನಿಸಿಕೊಳ್ಳುತ್ತಾರೆ? ಹೆಸರಿಟ್ಟು ಬರೆದ ಬೆಲೆಯನ್ನು ಮಾತ್ರ ತೆರಲು ಸಾಧ್ಯ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ದಿನಾಲೂ ಶಿಲುಬೆ ಹೊತ್ತುಕೊಳ್ಳಿ ಎಂಬ ಮಾತನ್ನು (ಲೂಕ 9:23) ಹೊಡೆತ ತಿನ್ನುತ್ತಾ ಸುಮ್ಮನಿರಿ ಎಂಬ ಅರ್ಥದಲ್ಲಿ ನಿಮಗೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಮನೆಯಲ್ಲಿ ಹಿಂಸೆ ಇದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ನೆರವು ಪಡೆಯಿರಿ. ಮನಸ್ಸು ಕುಸಿದು ನಿದ್ದೆ ಊಟ ಬಿಟ್ಟುಹೋಗಿದ್ದರೆ ವೈದ್ಯರನ್ನು ಕಾಣಿ, ಅದು ಅವಿಶ್ವಾಸವಲ್ಲ.

## ಹಂತ 3: ಬಾಕಿ ತೀರಿಸಿ

ಹೆಚ್ಚಿನವರು ಹಾರಿಸಿಬಿಡುವ ಹಂತ ಇದೇ, ಹೆಚ್ಚಿನವರು ಬೀಳುವುದೂ ಇದರಿಂದಲೇ. ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಕಾಣಿಕೆ ತಂದು ಯಜ್ಞವೇದಿಯ ಮುಂದೆ ನಿಂತಾಗ ಸಹೋದರನಿಗೆ ನಿಮ್ಮ ಮೇಲೆ ಏನೋ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಜೊತೆ ಸಮಾಧಾನವಾಗಿ ಬನ್ನಿ ಎಂದರು ಯೇಸು (ಮತ್ತಾಯ 5:23–24). ಆರಾಧನೆಯ ನಡುವೆಯೇ ಎದ್ದು ಹೋಗಲು ಹೇಳುವಷ್ಟು ತುರ್ತು ಅದಕ್ಕೆ. ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಮಾತು ಹೊರಳಿದ್ದೇ ಹಣದ ಕಡೆಗೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸ್ (ಲೂಕ 19:1–10). ಕೆಲಸ ಬಿಡು ಎಂದು ಯೇಸು ಅವನಿಗೆ ಹೇಳಿದ್ದಾಗಿ ಲೂಕನು ಬರೆದಿಲ್ಲ. ‘ನಾವೇನು ಮಾಡಬೇಕು’ ಎಂದು ಕೇಳಿದವರಿಗೆ ಸ್ನಾನಿಕನಾದ ಯೋಹಾನ ಕೊಟ್ಟ ಉತ್ತರವೂ ಇದೇ ದಾರಿಯದು. ಎರಡು ಅಂಗಿಯಿದ್ದರೆ ಒಂದನ್ನು ಇಲ್ಲದವನಿಗೆ ಕೊಡಿ. ಸುಂಕದವರೇ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ. ಸಿಪಾಯಿಗಳೇ, ಬೆದರಿಸಿ ಹಣ ಕೀಳಬೇಡಿ (ಲೂಕ 3:10–14). ಅವರವರ ಕೆಲಸದಲ್ಲಿ ಅವರವರು ಮಾಡುತ್ತಿದ್ದ ತಪ್ಪಿನ ಮೇಲೇ ಬೆರಳಿಟ್ಟ.

ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಹಾಕಿಕೊಳ್ಳಿ: ಕೊಡಬೇಕಾದ ಹಣ ಮತ್ತು ವಸ್ತು, ಹೇಳಿದ ಸುಳ್ಳು, ಮುರಿದ ಮಾತು, ನೋಯಿಸಿದ ಜನ. ಪ್ರತಿಯೊಂದರ ಕೆಳಗೂ ಹೆಸರು. ಎಲ್ಲಕ್ಕಿಂತ ಸುಲಭವಾದದ್ದರಿಂದ ಶುರು ಮಾಡಿ, ವಾರಕ್ಕೆ ಒಂದು ಸಾಕು.

ಕ್ಷಮೆ ಕೇಳುವುದಕ್ಕೂ ಒಂದು ರೀತಿಯಿದೆ. ಸಹೋದ್ಯೋಗಿಯ ಕೆಲಸವನ್ನು ನಿಮ್ಮದೆಂದು ಹೇಳಿಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ‘ಅವತ್ತು ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ, ಎಲ್ಲ ಅವಸರದಲ್ಲಿ ಆಗಿಹೋಯಿತು’ ಎಂದರೆ ಅದು ಕ್ಷಮೆಯಲ್ಲ. ‘ಆಗಿದ್ದರೆ’ ಎಂಬಲ್ಲಿ ತಪ್ಪು ಅವರ ಮನಸ್ಸಿಗೆ ಹೋಯಿತು, ‘ಆಗಿಹೋಯಿತು’ ಎಂಬಲ್ಲಿ ಮಾಡಿದವರೇ ಕಾಣೆಯಾದರು. ಹೀಗೆ ಹೇಳಿ: ‘ಆ ವರದಿ ನೀವು ಮಾಡಿದ್ದು. ಮೀಟಿಂಗಿನಲ್ಲಿ ನಾನು ಮಾಡಿದ್ದೆಂದು ಹೇಳಿದೆ. ಅದು ಸುಳ್ಳು. ನಾಳೆ ಮ್ಯಾನೇಜರ್‌ಗೆ ನಿಜ ಹೇಳುತ್ತೇನೆ. ನನ್ನನ್ನು ಕ್ಷಮಿಸಿ.’ ಅಷ್ಟಕ್ಕೆ ನಿಲ್ಲಿಸಿ. ಅವರು ಅಲ್ಲೇ ಕ್ಷಮಿಸಬೇಕೆಂದು ಒತ್ತಾಯಿಸಬೇಡಿ, ಬೈಬಲ್ ವಚನವನ್ನಂತೂ ಹೇಳಲೇಬೇಡಿ. ಮಾರನೆಯ ದಿನ ಮ್ಯಾನೇಜರ್ ಬಳಿ ಹೋಗಿ.

ಗಮನಿಸಿ: ನಿಮ್ಮ ಮನಸ್ಸು ಹಗುರಾಗಲೆಂದು ಇನ್ನೊಬ್ಬರ ಗುಟ್ಟನ್ನು ಬಯಲು ಮಾಡಬೇಡಿ. ನಿಮ್ಮಿಂದ ನೊಂದವರು ಸಂಪರ್ಕವೇ ಬೇಡ ಎಂದಿದ್ದರೆ ಅವರ ಬಾಗಿಲು ತಟ್ಟಬೇಡಿ. ಸಭಾಪಾಲಕರ ಬಳಿ ಹೇಳಿಕೊಳ್ಳಿ. ನಿಮ್ಮನ್ನು ನೋಯಿಸಿದವರನ್ನು ಕ್ಷಮಿಸುವುದು ಎಂದರೆ ಅಪಾಯವಿರುವ ಜಾಗಕ್ಕೆ ವಾಪಸು ಹೋಗುವುದಲ್ಲ.

ಪಟ್ಟಿ ಪೂರ್ತಿ ಮುಗಿಯಬೇಕೆಂದಿಲ್ಲ. ಒಂದೆರಡು ಬಾಕಿ ತೀರಿದ ಮೇಲೆ ಮುಂದಿನ ಹಂತ ಶುರು ಮಾಡಿ, ಉಳಿದವನ್ನು ಜೊತೆಜೊತೆಗೆ ಮುಗಿಸುತ್ತಾ ಹೋಗಿ.

## ಹಂತ 4: ದಿನಕ್ಕೆ 20 ನಿಮಿಷ ಕಿವಿಗೊಡಿ

ಮಾರ್ಕನ ಸುವಾರ್ತೆಯಿಂದ ಆರಂಭಿಸಿ. ಇರುವುದು 16 ಅಧ್ಯಾಯ, ಒಂದೊಂದು ಘಟನೆಯೂ ಚಿಕ್ಕದು. ದಿನಕ್ಕೆ ಒಂದೇ ಘಟನೆ.

1. ಒಂದು ನಿಮಿಷ ಸುಮ್ಮನಿರಿ. ನಂತರ ಪವಿತ್ರಾತ್ಮನ ಸಹಾಯ ಕೇಳಿ, ಎರಡೇ ಮಾತಿನಲ್ಲಿ.
2. ಭಾಗವನ್ನು ಎರಡು ಸಲ ಓದಿ, ಎರಡನೆಯ ಸಲ ಗಟ್ಟಿಯಾಗಿ.
3. ಯೇಸು ಇಲ್ಲಿ ಏನು ಮಾಡಿದರು, ಏನು ಹೇಳಿದರು? ಒಂದು ಸಾಲು ಬರೆಯಿರಿ.
4. ಇದರಿಂದ ಇವತ್ತು ರಾತ್ರಿಯೊಳಗೆ ನಾನು ಏನು ಮಾಡಬೇಕು? ಒಂದೇ ಸಾಲು, ಹೆಸರು ಮತ್ತು ಹೊತ್ತಿನೊಂದಿಗೆ.
5. ಅದನ್ನೇ ಪ್ರಾರ್ಥನೆಯಾಗಿ ಹೇಳಿ, ಏಳಿ.

ಒಂದು ಪುಟ ಹೇಗಿರುತ್ತದೆ ನೋಡಿ. ಭಾಗ: ಮಾರ್ಕ 10:46–52, ಕುರುಡ ಬಾರ್ತಿಮಾಯ. ‘ಜನ ಅವನ ಬಾಯಿ ಮುಚ್ಚಿಸಲು ನೋಡಿದರು, ಯೇಸು ನಿಂತರು. ನಿನಗೆ ಏನು ಮಾಡಬೇಕೆಂದು ಕೇಳಿದರು, ತಾವೇ ಊಹಿಸಿಕೊಳ್ಳಲಿಲ್ಲ. ಇವತ್ತು ರಾತ್ರಿ ಊಟದ ಹೊತ್ತಿಗೆ ಮಗಳು ಶಾಲೆಯ ವಿಷಯ ಹೇಳುವಾಗ ಮೊಬೈಲ್ ಕೆಳಗಿಟ್ಟು, ಬುದ್ಧಿಮಾತು ಹೇಳದೆ, ನಿನಗೆ ಏನು ಬೇಕು ಎಂದು ಕೇಳುವುದು.’ ಇಷ್ಟು ಬರೆದರೆ ಆ ದಿನದ ಓದು ಸಾರ್ಥಕ. ‘ಎಲ್ಲರನ್ನೂ ಪ್ರೀತಿಸಬೇಕು’ ಎಂದು ಬರೆದಿದ್ದರೆ ಮಗಳಿಗೆ ಏನೂ ಸಿಗುತ್ತಿರಲಿಲ್ಲ.

ರಾತ್ರಿ ಮಲಗುವ ಮುನ್ನ ಮೂರು ನಿಮಿಷ ಆತ್ಮಶೋಧನೆ. 16ನೇ ಶತಮಾನದಲ್ಲಿ ಕ್ರೈಸ್ತ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ಕ್ರಮ ಶುರುವಾಗುವುದು ಕೃತಜ್ಞತೆಯಿಂದ. ತಪ್ಪಿನ ಲೆಕ್ಕ ಆಮೇಲೆ. ಇವತ್ತು ಸಿಕ್ಕಿದ್ದಕ್ಕೆ ವಂದನೆ, ಬೆಳಿಗ್ಗೆ ಬರೆದ ಸಾಲಿನ ಮುಂದೆ ‘ಆಯಿತು’ ಅಥವಾ ‘ಆಗಲಿಲ್ಲ’, ಆಗದಿದ್ದರೆ ಕ್ಷಮೆ, ನಾಳೆಗೆ ಸಹಾಯ. ಆ ಕ್ರಮವನ್ನು ಬದಲಿಸಬೇಡಿ. ತಪ್ಪಿನಿಂದಲೇ ಶುರು ಮಾಡುವವರು ಕೆಲವೇ ದಿನಗಳಲ್ಲಿ ಈ ಹೊತ್ತಿಗೆ ಹೆದರಿ ಬಿಟ್ಟುಬಿಡುತ್ತಾರೆ.

‘ನನಗೆ ಸಮಯವೇ ಸಿಗುವುದಿಲ್ಲ’ ಎನ್ನುವವರು ಮಾರ್ಕ 1:32–38 ಓದಬೇಕು. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಪ್ರಾರ್ಥಿಸಲು ಹೋದರು. ‘ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ’ ಎಂದು ಸೀಮೋನ ಮತ್ತು ಜೊತೆಗಿದ್ದವರು ಬಂದಾಗ ಯೇಸು ವಾಪಸ್ ಬರಲಿಲ್ಲ. ಬೇರೆ ಊರುಗಳಿಗೆ ಹೋಗೋಣ ಎಂದರು. ಜನರ ಬೇಡಿಕೆಯೆಲ್ಲವೂ ತಂದೆಯ ಕರೆಯಲ್ಲ ಎಂದು ತಿಳಿಯುವುದು ಆ ಏಕಾಂತದಲ್ಲಿ. ಬಿಡುವಿಲ್ಲದವರಿಗೇ ಇದು ಹೆಚ್ಚು ಬೇಕು.

ಸಾಮಾನ್ಯ ತಪ್ಪು: ಪ್ರಯಾಣದಲ್ಲಿ ಕೇಳಿದ ಪ್ರಸಂಗ, ಹಂಚಿಕೊಂಡ ವಚನದ ಚಿತ್ರ ಇವನ್ನೆಲ್ಲ ಪ್ರಾರ್ಥನೆಯ ಲೆಕ್ಕಕ್ಕೆ ಸೇರಿಸುವುದು. ಒಳ್ಳೆಯವೇ, ಆದರೆ ಅವುಗಳಲ್ಲಿ ಉತ್ತರ ಕೊಡಬೇಕಾದ ಜಾಗದಲ್ಲಿ ನೀವು ನಿಂತಿರುವುದಿಲ್ಲ.

## ಹಂತ 5: ಮನೆ ಮೊದಲು, ಕೆಲಸದ ಜಾಗ ಆಮೇಲೆ, ವೇದಿಕೆ ಎಲ್ಲಕ್ಕೂ ಕೊನೆಗೆ

ನೀವು ಬದಲಾಗಿದ್ದೀರಿ ಎಂಬುದು ಸಭೆಗೆ ಗೊತ್ತಾಗುವ ಮೊದಲು ನಿಮ್ಮ ಜೊತೆ ಒಂದೇ ಸೂರಿನಡಿ ಇರುವವರಿಗೆ ಗೊತ್ತಾಗಬೇಕು. ತಂದೆತಾಯಿಗೆ ಕೊಡಬೇಕಾದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಕೈ ತೊಳೆದುಕೊಳ್ಳಲು ಬಿಟ್ಟವರನ್ನು ಯೇಸು ಕಟುವಾಗಿ ಗದರಿಸಿದರು (ಮಾರ್ಕ 7:9–13). ಇವತ್ತಿನ ಕೊರ್ಬಾನ್ ಎಂದರೆ ವಾರದಲ್ಲಿ ಐದು ಸಂಜೆ ಕೂಟ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯ ಬಳಿ ಐದು ನಿಮಿಷವೂ ಇಲ್ಲ.

ಮನೆಯಲ್ಲಿ ಒಂದು, ಕೆಲಸದಲ್ಲಿ ಒಂದು ವಿಧೇಯತೆಯನ್ನು ಆರಿಸಿಕೊಂಡು ಆರು ವಾರ ಅದನ್ನೇ ಮಾಡಿ. ಮನೆಯಲ್ಲಿ: ಸಿಟ್ಟು ಬಂದಾಗ ದನಿ ಏರಿಸದಿರುವುದು, ಅಥವಾ ಯಾರೂ ಹೇಳದೆ ಪಾತ್ರೆ ತೊಳೆದಿಡುವುದು. ಕೆಲಸದಲ್ಲಿ: ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಸುವುದು, ಅಥವಾ ಎದುರಿಗಿಲ್ಲದವರ ಬಗ್ಗೆ ಮಾತಾಡದಿರುವುದು. ಏನೇ ಮಾಡಿದರೂ ಮನುಷ್ಯರಿಗೆಂದಲ್ಲ, ಕರ್ತನಿಗೆಂದು ಮನಸಾರೆ ಮಾಡಿ ಎಂದು ಪೌಲ ಬರೆದದ್ದು ದಾಸರಿಗೆ (ಕೊಲೊಸ್ಸೆ 3:22–24). ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲದವರಿಗೂ ಕರೆ ಇತ್ತು. ಪೌಲನೂ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದ (ಅಪೊಸ್ತಲರ ಕೃತ್ಯಗಳು 18:2–3).

ಯೊಪ್ಪ ಊರಿನ ತಬಿಥಾಳನ್ನು ಬೈಬಲ್ ಶಿಷ್ಯಳೆಂದೇ ಕರೆಯುತ್ತದೆ (ಕೃತ್ಯಗಳು 9:36–42). ಅವಳು ಪ್ರಸಂಗ ಮಾಡಿದ ದಾಖಲೆಯಿಲ್ಲ. ಅವಳು ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಅಂಗಿಗಳನ್ನು. ಶಿಷ್ಯತ್ವಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಕಾಣುವುದಿಲ್ಲ.

## ಹಂತ 6: ಒಬ್ಬ ಜೊತೆಗಾರನನ್ನು ಹುಡುಕಿ

ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳಿಸಿದರು (ಮಾರ್ಕ 6:7). ಒಬ್ಬಂಟಿ ಶಿಷ್ಯನಿಗೆ ತನ್ನ ಮನಸ್ಸಿನ ಮಾತೂ ದೇವರ ಮಾತೂ ಒಂದೇ ಥರ ಕೇಳಿಸತೊಡಗುತ್ತದೆ.

ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಭೇಟಿಯಾಗಿ. ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರೇ: ಬರೆದದ್ದರಲ್ಲಿ ಯಾವುದನ್ನು ಮಾಡಿದೆ? ಯಾವುದನ್ನು ತಪ್ಪಿಸಿಕೊಂಡೆ? ನನ್ನಿಂದ ಏನು ಮುಚ್ಚಿಡುತ್ತಿದ್ದೀಯ? ಕೊನೆಗೆ ಇಬ್ಬರೂ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ. ಹರಟೆಯಾಗಲು ಬಿಡಬೇಡಿ.

ಹಿರಿಯರ ಮಾರ್ಗದರ್ಶನ ಹೇಗಿರಬೇಕೆಂಬುದಕ್ಕೆ ಯಾಜಕನಾದ ಏಲಿಯನ್ನು ನೋಡಿ. ಹುಡುಗ ಸಮುವೇಲ ಮೂರು ಸಲ ಓಡಿ ಬಂದ, ಏಲಿಯೇ ಕರೆದನೆಂದುಕೊಂಡು. ಕರೆಯುತ್ತಿರುವುದು ದೇವರು ಎಂದು ಏಲಿಗೆ ಹೊಳೆದಾಗ ಅವನು ದೇವರ ಪರವಾಗಿ ತಾನೇ ಮಾತಾಡಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ಹೀಗೆ ಉತ್ತರ ಕೊಡು ಎಂದು ವಾಪಸ್ ಕಳಿಸಿದ (1 ಸಮುವೇಲ 3). ಒಳ್ಳೆಯ ಮಾರ್ಗದರ್ಶಿ ನಿಮ್ಮನ್ನು ದೇವರ ಕಡೆಗೆ ತಿರುಗಿಸಿ ತಾನು ಪಕ್ಕಕ್ಕೆ ಸರಿಯುತ್ತಾನೆ.

ಅಪಾಯದ ಗುರುತುಗಳು: ‘ನಿನ್ನ ಬಗ್ಗೆ ದೇವರು ನನಗೇ ಹೇಳಿದ್ದಾರೆ’ ಎಂದು ನಿಮ್ಮ ಮದುವೆ, ಹಣ, ಕೆಲಸವನ್ನು ತೀರ್ಮಾನಿಸುವವರು, ಮನೆಯವರಿಂದ ದೂರ ಮಾಡುವವರು, ಪ್ರಶ್ನೆ ಕೇಳಿದರೆ ದಂಗೆ ಎನ್ನುವವರು, ಭೇಟಿಯನ್ನು ಗುಟ್ಟಾಗಿಡಿ ಎನ್ನುವವರು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದ ಹೊರಡಿ.

## ಹಂತ 7: ಈಗ ಎರಡನೆಯ ಪುಟ ತೆರೆಯಿರಿ

ಆರು ವಾರಗಳ ನಂತರ ಆ ಪುಟ ನೋಡಿದರೆ ಕೆಲವು ಪ್ರಶ್ನೆಗಳು ತಾವಾಗಿಯೇ ಬಿದ್ದುಹೋಗಿರುತ್ತವೆ. ಕೆಲಸ ಬಿಡಬೇಕೆನ್ನಿಸಿದ್ದು ಕರೆಯಿಂದಲೋ ಮೇಲಧಿಕಾರಿಯ ಮೇಲಿನ ಸಿಟ್ಟಿನಿಂದಲೋ ಎಂಬುದು ಈಗ ಸ್ಪಷ್ಟವಾಗಿರಬಹುದು. ಉಳಿದ ಪ್ರಶ್ನೆಗಳನ್ನು ಹೀಗೆ ಪರೀಕ್ಷಿಸಿ: ಇದು ವಾಕ್ಯಕ್ಕೆ ಒಪ್ಪುತ್ತದೆಯೇ? ನಿಜವಾದ ಅಗತ್ಯವೊಂದು ಕಣ್ಣ ಮುಂದಿದೆಯೇ? ನಿಮ್ಮನ್ನು ಬಲ್ಲವರು ನಿಮ್ಮಲ್ಲಿ ಈ ವರವನ್ನು ಕಾಣುತ್ತಾರೆಯೇ? ಉತ್ಸಾಹ ಇಳಿದ ದಿನವೂ ಇದೇ ಸರಿ ಅನ್ನಿಸುತ್ತದೆಯೇ? ಅಂತಿಯೋಕ್ಯದ ಸಭೆಯಲ್ಲಿ ಬಾರ್ನಬ ಮತ್ತು ಸೌಲನನ್ನು (ಪೌಲನನ್ನು) ಪ್ರತ್ಯೇಕಿಸಿ ಕಳಿಸಿದ್ದು ಆರಾಧಿಸುತ್ತಾ ಉಪವಾಸವಿದ್ದವರು, ಎಲ್ಲರೂ ಸೇರಿ (ಕೃತ್ಯಗಳು 13:1–3). ಸಭೆಯ ಒಪ್ಪಿಗೆಯಿಲ್ಲದೆ ಒಬ್ಬರೇ ಹೊರಡಬೇಡಿ.

ಹೊರಟರೂ ಚಿಕ್ಕದರಿಂದ ಹೊರಡಿ. ರೋಗಿಗಳ ಭೇಟಿಗೆ ಕರೆ ಇದೆ ಅನ್ನಿಸಿದರೆ ಒಬ್ಬ ರೋಗಿ, ವಾರಕ್ಕೆ ಒಂದು ಭೇಟಿ, ಮೂರು ತಿಂಗಳು. ಫೋಟೋ ಬೇಡ. ಮೂರು ತಿಂಗಳ ಮೇಲೆ ಜೊತೆಗಾರನೊಂದಿಗೆ ಕೂತು ನೋಡಿ. ಪಕ್ಕದವರಿಗೆ ಸಿಕ್ಕ ದೊಡ್ಡ ಸೇವೆಯ ಕಡೆ ಕಣ್ಣು ಹೋದರೆ, ಯೋಹಾನನನ್ನು ತೋರಿಸಿ ‘ಇವನ ವಿಷಯವೇನು’ ಎಂದ ಪೇತ್ರನಿಗೆ ಸಿಕ್ಕ ಉತ್ತರ ನಿಮಗೂ ಸಲ್ಲುತ್ತದೆ: ಅದು ನಿನಗೇನು, ನೀನು ನನ್ನನ್ನು ಹಿಂಬಾಲಿಸು (ಯೋಹಾನ 21:21–22).

## ನಡುವೆ ನಿಂತುಹೋದರೆ

ನಿಲ್ಲುತ್ತದೆ. ಪ್ರಾರ್ಥನೆ ಒಣಗಿದಂತಾಗುತ್ತದೆ, ಒಂದು ದಿನ ತಪ್ಪುತ್ತದೆ, ಮೂರು ದಿನವಾಗುತ್ತದೆ. ಆಗ ಎರಡು ತಪ್ಪುಗಳಾಗುತ್ತವೆ. ಒಂದು, ಬಿಟ್ಟ ದಿನಗಳದ್ದನ್ನೆಲ್ಲ ಒಂದೇ ಸಲ ಓದಿ ಸರಿದೂಗಿಸಲು ಹೋಗುವುದು. ಇನ್ನೊಂದು, ‘ನಾನು ಅಯೋಗ್ಯ’ ಎಂದು ನೋಟ್‌ಬುಕ್ ಮುಚ್ಚಿಡುವುದು. ಮೂರು ಸಲ ಅಲ್ಲಗಳೆದ ಪೇತ್ರನಿಗೆ ಪುನರುತ್ಥಾನದ ನಂತರ ಯೇಸು ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಕೇಳಿ ಕೊನೆಗೆ ಹೇಳಿದ್ದು ಮೊದಲ ದಿನದ ಕರೆಯನ್ನೇ (ಯೋಹಾನ 21:15–19). ಬಿದ್ದವನಿಗೆಂದು ಬೇರೆ, ಕೆಳದರ್ಜೆಯ ಕರೆಯೊಂದಿಲ್ಲ.

ಆದ್ದರಿಂದ ಬಿಟ್ಟ ದಿನಗಳ ಪುಟ ಖಾಲಿಯೇ ಇರಲಿ. ಇವತ್ತಿನ ತಾರೀಖು ಹಾಕಿ, ನಿಂತಲ್ಲಿಂದ ಮುಂದಿನ ಒಂದು ಘಟನೆ ಓದಿ, ರಾತ್ರಿಯೊಳಗೆ ಮಾಡಬೇಕಾದ ಒಂದು ಸಾಲು ಬರೆಯಿರಿ. ಒಂದು ವಾರಕ್ಕಿಂತ ಹೆಚ್ಚು ತಪ್ಪಿದ್ದರೆ ಮುಂದಿನ ಭೇಟಿಗೆ ಕಾಯದೆ ಜೊತೆಗಾರನಿಗೆ ಇವತ್ತೇ ಫೋನ್ ಮಾಡಿ ಹೇಳಿ. ತಿಂಗಳುಗಟ್ಟಲೆ ನಿಂತಿದ್ದರೆ ಹಂತ 3ರ ಪಟ್ಟಿ ತೆಗೆದು ನೋಡಿ: ತೀರಿಸದೆ ಬಿಟ್ಟ ಹೆಸರೊಂದು ಅಲ್ಲಿ ಉಳಿದಿದ್ದರೆ ಅಲ್ಲಿಂದಲೇ ಮತ್ತೆ ಶುರು ಮಾಡಿ.